ಟೇಪ್ ಡ್ರೈವಿನಿಂದ ಕಾರ್ಟ್ರಿಜ್ ಹೊರತೆಗೆಯುವ ಕ್ರಮ: ಹಸ್ತಪ್ರತಿ ಭಂಡಾರಗಳ ದೃಷ್ಟಿಯಿಂದ

ತಾಮ್ರಪಟ, ತಾಡವೋಲೆ, ಕಾಗದ ಈ ಮೂರನ್ನು ಆಶ್ರಯಿಸಿ ನಮ್ಮ ಶ್ರುತಸಂಪತ್ತು ಇಂದಿನವರೆಗೆ ಉಳಿದುಬಂದಿದೆ. 2003ರಲ್ಲಿ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನವು ಆರಂಭವಾದ ತರುವಾಯ ಈ ಸಂಪತ್ತಿನ ಛಾಯಾಪ್ರತಿಗಳನ್ನು ಗಣಕಯಂತ್ರದ ಮೂಲಕ ಸಂಗ್ರಹಿಸುವ ಕಾರ್ಯವು ನಾಡಿನ ಅನೇಕ ಮಠಗಳಲ್ಲಿಯೂ ಸಂಶೋಧನಾಲಯಗಳಲ್ಲಿಯೂ ನಡೆದಿದೆ. ಅಂತಹ ಛಾಯಾಪ್ರತಿಗಳನ್ನು ದೀರ್ಘಕಾಲ ಕಾಪಿಡಲು ಉಪಯೋಗಿಸುವ ಸಾಧನಗಳಲ್ಲಿ ಕಾಂತೀಯ ಟೇಪಿನ ಕಾರ್ಟ್ರಿಜ್ ಮುಖ್ಯವಾದುದು. ಈ ಕಾರ್ಟ್ರಿಜ್ಜನ್ನು ಡ್ರೈವಿನೊಳಗೆ ಇಡುವುದು ಸುಲಭ. ಹೊರತೆಗೆಯುವುದು ಅಷ್ಟು ಸುಲಭವಲ್ಲ. ಅದು ಹೊರಬಾರದೆ ನಿಂತಾಗ ಏನು ಮಾಡಬೇಕು, ಡ್ರೈವನ್ನು ಮರುಸ್ಥಾಪಿಸುವುದು, ಅಂದರೆ ರೀಸೆಟ್ ಮಾಡುವುದು, ಎಂದರೇನು, ಅದರಿಂದ ಏನು ನಷ್ಟವಾಗುತ್ತದೆ ಮತ್ತು ಏನು ಆಗುವುದಿಲ್ಲ ಎಂಬುದನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಹಸ್ತಪ್ರತಿಶಾಸ್ತ್ರದ ಪತ್ರಿಕೆಯಲ್ಲಿ ಯಂತ್ರದ ಮಾತೇಕೆ ಎಂದು ಕೆಲವರು ಕೇಳಬಹುದು. ಚಿಕ್ಕ ಭಂಡಾರಗಳಲ್ಲಿ ಯಂತ್ರತಜ್ಞರು ಇರುವುದಿಲ್ಲ. ಓಲೆಯ ಕಟ್ಟುಗಳನ್ನು ನೋಡಿಕೊಳ್ಳುವ ಪಂಡಿತರೇ ಈ ಯಂತ್ರದ ಮುಂದೆಯೂ ಕುಳಿತುಕೊಳ್ಳಬೇಕಾಗುತ್ತದೆ. ಟೇಪು ಕಪಾಟಿನಲ್ಲಿ ಇದ್ದಾಗ ಕೆಡುವುದಕ್ಕಿಂತ ಡ್ರೈವಿನಿಂದ ಅವಸರವಾಗಿ ತೆಗೆಯುವ ಹತ್ತು ನಿಮಿಷಗಳಲ್ಲಿ ಕೆಡುವ ಸಂಭವವೇ ಹೆಚ್ಚು ಎಂಬುದು ಈ ಲೇಖಕನ ಅಭಿಪ್ರಾಯ. ಆದುದರಿಂದ ಈ ವಿಷಯವು ಪಂಡಿತರಿಗೆ ಹೊರತಾದುದಲ್ಲ.

ಲಿಪಿಯನ್ನು ಹೊತ್ತ ವಸ್ತುವನ್ನು ಬಿಚ್ಚುವುದಕ್ಕೂ ಒಂದು ಕ್ರಮವಿದೆ ಎಂಬುದು ನಮಗೆ ಹೊಸದೇನೂ ಅಲ್ಲ. ನೆಲಮಂಗಲ ತಾಲ್ಲೂಕಿನ ಮಣ್ಣೆ ಗ್ರಾಮವೇ ಗಂಗರ ಮಾನ್ಯಪುರವೆಂಬುದು ವಿದ್ವಾಂಸರಿಗೆ ಸುವಿದಿತ. ಬಿ. ಎಲ್. ರೈಸರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಒಂಬತ್ತನೆಯ ಸಂಪುಟದಲ್ಲಿ ನೆಲಮಂಗಲ 60 ಮತ್ತು 61 ಎಂಬ ಸಂಖ್ಯೆಗಳಲ್ಲಿ ಇಲ್ಲಿಯ ಎರಡು ತಾಮ್ರಶಾಸನಗಳು ಸೇರಿವೆ. ಮೊದಲನೆಯದು ಶಕ 719ರದು, ಎಂದರೆ ಕ್ರಿ. ಶ. 797ರದು, ಗಂಗ ಮಾರಸಿಂಹನ ಸೇನಾಪತಿಯಾದ ಶ್ರೀವಿಜಯನು ಮಾನ್ಯಪುರದಲ್ಲಿ ಕಟ್ಟಿಸಿದ ಜಿನಾಲಯಕ್ಕೆ ಬಿಟ್ಟ ದತ್ತಿಯನ್ನು ಅದು ತಿಳಿಸುತ್ತದೆ. ಎರಡನೆಯದು ಶಕ 724ರ, ಎಂದರೆ ಕ್ರಿ. ಶ. 802ರ, ರಾಷ್ಟ್ರಕೂಟರ ಕಾಲದ ಶಾಸನ. ಕೊಂಡಕುಂದಾನ್ವಯದ ತೋರಣಾಚಾರ್ಯ, ಅವರ ಶಿಷ್ಯ ಪುಷ್ಪನಂದಿ, ಪುಷ್ಪನಂದಿಗಳ ಶಿಷ್ಯ ಪ್ರಭಾಚಂದ್ರ ಎಂಬ ಗುರುಪರಂಪರೆಯು ನಮಗೆ ತಿಳಿದುಬಂದಿರುವುದು ಈ ತಗಡುಗಳಿಂದಲೇ.

ತಾಮ್ರಪಟಗಳು ಸಾಮಾನ್ಯವಾಗಿ ಒಂದು ಬಳೆಯಲ್ಲಿ ಪೋಣಿಸಲ್ಪಟ್ಟು, ಬಳೆಯ ಸಂದು ರಾಜಮುದ್ರೆಯಿಂದ ಭದ್ರವಾಗಿರುತ್ತದೆ. ತಗಡುಗಳ ಪೂರ್ಣವಾದ ಪಡಿಯಚ್ಚು ತೆಗೆಯಬೇಕಾದರೆ ಬಳೆಯನ್ನು ಕತ್ತರಿಸಬೇಕಾಗುತ್ತದೆ. ಹಿಂದಿನ ಶಾಸನಸಂಪಾದಕರು ಶಾಸನವು ತಮ್ಮ ಕೈಗೆ ಬಂದಾಗ ಬಳೆ ಕತ್ತರಿಸಿತ್ತೋ ಇಲ್ಲವೋ ಎಂಬುದನ್ನು ಪ್ರತ್ಯೇಕವಾಗಿ ಬರೆದಿಡುತ್ತಿದ್ದರು. ತಗಡುಗಳು ಅದಲುಬದಲಾಗಿವೆಯೇ, ನಡುವೆ ಬೇರೊಂದು ತಗಡು ಸೇರಿದೆಯೇ ಎಂಬ ಪ್ರಶ್ನೆಗೆ ಆ ಒಂದು ವಾಕ್ಯವೇ ಆಧಾರ. ತಾಡವೋಲೆಯ ವಿಷಯದಲ್ಲಿಯೂ ಹೀಗೆಯೇ. ಕಟ್ಟಿನ ದಾರವನ್ನು ಎಳೆದು ತೆಗೆದವನು ಓಲೆಯ ರಂಧ್ರದ ಅಂಚನ್ನು ಸೀಳುತ್ತಾನೆ. ಸೀಳು ಒಮ್ಮೆ ಆರಂಭವಾದರೆ ಅಕ್ಷರದ ಸಾಲಿನವರೆಗೂ ಹೋಗುತ್ತದೆ. ಟೇಪಿನ ಕಾರ್ಟ್ರಿಜ್ಜೂ ಇದೇ ಜಾತಿಯದು. ಒಂದು ಭೇದವನ್ನು ಮಾತ್ರ ನೆನಪಿಡಬೇಕು. ಮಣ್ಣೆಯ ತಗಡನ್ನು 1200 ವರ್ಷಗಳ ಅನಂತರವೂ ಕಣ್ಣಿನಿಂದ ಓದಬಹುದು. ಟೇಪನ್ನು ಅದರ ಯಂತ್ರದ ಹೊರತು ಯಾರೂ ಓದಲಾರರು. ಆದುದರಿಂದ ಇಲ್ಲಿ ವಸ್ತು ಮತ್ತು ಯಂತ್ರ ಎರಡನ್ನೂ ಕಾಪಾಡಬೇಕಾಗಿದೆ.

ಈಗ ಯಂತ್ರದ ರಚನೆಯನ್ನು ನೋಡೋಣ. ಗಣಕಯಂತ್ರಗಳಲ್ಲಿ ಟೇಪಿನ ಬಳಕೆ 1951ರ ಯೂನಿವ್ಯಾಕ್ ಕಾಲದಿಂದ ಇದೆ. ಆಗ ತೆರೆದ ಸುರುಳಿಗಳಿದ್ದವು. ಟೇಪಿನ ತುದಿಯನ್ನು ಕೈಯಿಂದಲೇ ಪೋಣಿಸುತ್ತಿದ್ದರು. ಇಂದು ಹೆಚ್ಚಾಗಿ ಬಳಕೆಯಲ್ಲಿರುವುದು ಎಲ್‌ಟಿಒ ಎಂಬ ವರ್ಗದ ಮುಚ್ಚಿದ ಕಾರ್ಟ್ರಿಜ್. 2000ದಲ್ಲಿ ಮೊದಲನೆಯ ತಲೆಮಾರು ಬಂದಾಗ ಅದರ ಧಾರಣೆ 100 ಗಿಗಾಬೈಟ್ ಮಾತ್ರವಿತ್ತು. 2017ರ ಎಂಟನೆಯ ತಲೆಮಾರಿನದು 12 ಟೆರಾಬೈಟ್, 2021ರ ಒಂಬತ್ತನೆಯದು 18 ಟೆರಾಬೈಟ್. ಕಾರ್ಟ್ರಿಜ್ಜಿನ ಹೊರ ಆಕಾರ ಮಾತ್ರ ಬದಲಾಗಿಲ್ಲ. ಅದು ಸುಮಾರು 102 ಮಿಲಿಮೀಟರ್ ಉದ್ದಗಲದ, 21.5 ಮಿಲಿಮೀಟರ್ ದಪ್ಪದ ಪೆಟ್ಟಿಗೆ, ಅಂಗೈಯಲ್ಲಿ ಹಿಡಿಯುವಷ್ಟು. ಒಳಗೆ ಅರ್ಧ ಅಂಗುಲ ಅಗಲದ ಟೇಪು ಒಂದೇ ಸುರುಳಿಯಾಗಿ ಸುತ್ತಿರುತ್ತದೆ. ಎಂಟನೆಯ ತಲೆಮಾರಿನಲ್ಲಿ ಇದರ ಉದ್ದ 960 ಮೀಟರ್, ದಪ್ಪ 5.6 ಮೈಕ್ರಾನ್.

ಸುರುಳಿ ಒಂದೇ ಎಂಬುದೇ ಈ ಲೇಖನದ ವಿಷಯಕ್ಕೆ ಮೂಲವಾದ ಸಂಗತಿ. ಹಾಡು ಕೇಳುವ ಹಳೆಯ ಕ್ಯಾಸೆಟ್ಟಿನಲ್ಲಿ ಎರಡು ಸುರುಳಿಗಳಿದ್ದವು. ಟೇಪು ಎಲ್ಲಿ ನಿಂತಿದ್ದರೂ ಕ್ಯಾಸೆಟ್ಟನ್ನು ಎತ್ತಿ ತೆಗೆಯಬಹುದಾಗಿತ್ತು. ಎಲ್‌ಟಿಒದಲ್ಲಿ ಎರಡನೆಯ ಸುರುಳಿ ಡ್ರೈವಿನ ಒಳಗಿದೆ. ಕಾರ್ಟ್ರಿಜ್ಜನ್ನು ಒಳಗಿಟ್ಟೊಡನೆ ಅದರ ಪುಟ್ಟ ಬಾಗಿಲು ಸರಿಯುತ್ತದೆ. ಟೇಪಿನ ಆರಂಭದಲ್ಲಿ ಕೂಡಿಸಿರುವ ಲೋಹದ ಕಡ್ಡಿಯನ್ನು, ಇದಕ್ಕೆ ಲೀಡರ್ ಪಿನ್ ಎಂದು ಹೆಸರು, ಡ್ರೈವಿನ ಒಂದು ಕೊಕ್ಕೆ ಹಿಡಿದು ಓದುವ ತಲೆಯ ಮುಂದಿನಿಂದ ಎಳೆದೊಯ್ದು ಒಳಗಿನ ಸುರುಳಿಗೆ ಜೋಡಿಸುತ್ತದೆ. ಅಲ್ಲಿಂದ ಮುಂದೆ ಟೇಪಿನ ಒಂದು ಭಾಗ ಕಾರ್ಟ್ರಿಜ್ಜಿನಲ್ಲಿಯೂ ಇನ್ನೊಂದು ಭಾಗ ಡ್ರೈವಿನಲ್ಲಿಯೂ ಇರುತ್ತದೆ. ಕಾರ್ಟ್ರಿಜ್ಜು ಹೊರಬರಬೇಕಾದರೆ ಟೇಪು ಪೂರ್ತಿಯಾಗಿ ಹಿಂದಕ್ಕೆ ಸುತ್ತಿಕೊಂಡು, ಲೀಡರ್ ಪಿನ್ ತನ್ನ ಗೂಡಿಗೆ ಮರಳಿ, ಸುರುಳಿಯ ತಡೆ ಬಿದ್ದು, ಅನಂತರವೇ ಪೆಟ್ಟಿಗೆ ಮೇಲೆದ್ದು ಮುಂದಕ್ಕೆ ಬರಬೇಕು. ಗುಂಡಿಯನ್ನು ಒತ್ತಿದ ಮೇಲೆ ಕೇಳಿಬರುವ ಗುರುಗುಟ್ಟುವ ಸದ್ದು ಈ ಕ್ರಿಯಾಪರಂಪರೆಯದು. ಅದನ್ನು ಕೇಳಿ ಯಂತ್ರ ಕೆಟ್ಟಿತೆಂದು ಭಾವಿಸಬಾರದು.

ಬರವಣಿಗೆಯ ದಿಕ್ಕಿನ ಬಗ್ಗೆಯೂ ಒಂದು ಮಾತು. ಟೇಪಿನಲ್ಲಿ ದತ್ತಾಂಶವು ಆರಂಭದಿಂದ ಕೊನೆಗೆ ಒಮ್ಮೆ ಹೋಗಿ ಮುಗಿಯುವುದಿಲ್ಲ. ಕೊನೆ ಮುಟ್ಟಿದ ಮೇಲೆ ಪಕ್ಕದ ಜಾಡಿನಲ್ಲಿ ಹಿಮ್ಮುಖವಾಗಿ ಬರೆಯುತ್ತ ಆರಂಭಕ್ಕೆ ಬರುತ್ತದೆ, ಮತ್ತೆ ಮುಂದಕ್ಕೆ ಹೋಗುತ್ತದೆ. ಎರ್ರಗುಡಿಯ ಅಶೋಕಶಾಸನದಲ್ಲಿ ಕೆಲವು ಸಾಲುಗಳು ಎಡದಿಂದ ಬಲಕ್ಕೂ ಕೆಲವು ಬಲದಿಂದ ಎಡಕ್ಕೂ ಇರುವುದನ್ನು ಬಲ್ಲವರಿಗೆ ಈ ಕ್ರಮ ಕೂಡಲೇ ಮನದಟ್ಟಾಗುತ್ತದೆ. ಎಂಟನೆಯ ತಲೆಮಾರಿನ ಟೇಪಿನಲ್ಲಿ 6656 ಜಾಡುಗಳಿದ್ದು ಒಂದು ಸಲಕ್ಕೆ 32 ಜಾಡುಗಳನ್ನು ಬರೆಯುವುದರಿಂದ, ಟೇಪು ಪೂರ್ಣ ತುಂಬುವಷ್ಟರಲ್ಲಿ ಅದು 208 ಸಲ ತುದಿಯಿಂದ ತುದಿಗೆ ಓಡಿರುತ್ತದೆ. ಒಟ್ಟು ದೂರ ಸುಮಾರು 200 ಕಿಲೋಮೀಟರ್. ನೆಲಮಂಗಲದಿಂದ ಶ್ರವಣಬೆಳಗೊಳಕ್ಕೆ ಹೋಗುವ ದಾರಿಗಿಂತ ಹೆಚ್ಚು. ಕೆಲಸ ನಿಲ್ಲಿಸಿದ ಕ್ಷಣದಲ್ಲಿ ಟೇಪು 960 ಮೀಟರಿನ ಯಾವ ಬಿಂದುವಿನಲ್ಲಿಯೂ ಇರಬಹುದು. ಆರಂಭದ ಬಳಿ ಇದ್ದರೆ ಕಾರ್ಟ್ರಿಜ್ಜು ಬೇಗನೆ ಬರುತ್ತದೆ, ತುದಿಯ ಬಳಿ ಇದ್ದರೆ ತಡವಾಗುತ್ತದೆ. ಒಂದು ದಿನ ತಟ್ಟನೆ ಬಂದುದು ಇನ್ನೊಂದು ದಿನ ಏಕೆ ಬರುತ್ತಿಲ್ಲ ಎಂಬ ಗಾಬರಿಗೆ ಅನೇಕ ವೇಳೆ ಇಷ್ಟೇ ಕಾರಣ.

ಇದರಲ್ಲಿ ಏನು ಪಣಕ್ಕಿದೆ ಎಂಬುದನ್ನು ಲೆಕ್ಕಹಾಕಿ ನೋಡಬಹುದು. ಓಲೆಯ ಒಂದು ಮಗ್ಗುಲಿನ ಉತ್ತಮ ಛಾಯಾಪ್ರತಿಗೆ 100 ಮೆಗಾಬೈಟ್ ಬೇಕೆಂದು ಇಟ್ಟುಕೊಂಡರೆ, 200 ಗರಿಗಳ ಒಂದು ಕಟ್ಟಿಗೆ 400 ಮಗ್ಗುಲುಗಳು, ಅಂದರೆ 40 ಗಿಗಾಬೈಟ್. 12 ಟೆರಾಬೈಟಿನ ಒಂದು ಕಾರ್ಟ್ರಿಜ್ಜಿನಲ್ಲಿ ಇಂತಹ 300 ಕಟ್ಟುಗಳು ಹಿಡಿಸುತ್ತವೆ. ಒಂದು ಮಧ್ಯಮ ಪ್ರಮಾಣದ ಭಂಡಾರವೇ ಅಂಗೈಯಗಲದ ಪೆಟ್ಟಿಗೆಯಲ್ಲಿ ಅಡಗಿದಂತಾಯಿತು. ಒಂದೇ ಸ್ಥಳದಲ್ಲಿ ಉಳಿದ ಒಂದೇ ಪ್ರತಿ ಎಂತಹ ಅಪಾಯದಲ್ಲಿ ಇರುತ್ತದೆ ಎಂಬುದಕ್ಕೆ ಮೂಡಬಿದಿರೆಯ ಧವಲಾ ಪ್ರತಿಗಳ ಚರಿತ್ರೆಯೇ ಸಾಕು. ಶತಮಾನಗಳ ಕಾಲ ಅಲ್ಲಿ ಮಾತ್ರ ಉಳಿದಿದ್ದ ಹಳಗನ್ನಡ ಲಿಪಿಯ ಆ ಓಲೆಗಳಿಂದ ಪ್ರತಿಗಳಾಗಿ, ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಷಟ್ಖಂಡಾಗಮವು ಧವಲಾಟೀಕೆಯೊಡನೆ 1939ರಿಂದ 1959ರವರೆಗೆ 16 ಭಾಗಗಳಲ್ಲಿ ಬೆಳಕು ಕಂಡಿತು. ಓಲೆಗಳು ಅಷ್ಟು ಕಾಲ ತಡೆದುಕೊಂಡುದು ನಮ್ಮ ಪುಣ್ಯ. ಟೇಪಿಗೆ ಅಂತಹ ಸಹನೆ ಇಲ್ಲ.

ಇನ್ನು ಹೊರತೆಗೆಯುವ ಸರಿಯಾದ ಕ್ರಮ. ಮೊದಲು ಗಣಕಯಂತ್ರದಲ್ಲಿ ಟೇಪನ್ನು ಬಳಸುತ್ತಿರುವ ಎಲ್ಲ ಕೆಲಸಗಳನ್ನು ಮುಗಿಸಬೇಕು. ನಕಲು ಮಾಡುವ ತಂತ್ರಾಂಶವು ಮುಗಿಯಿತೆಂದು ಹೇಳಿದ ಮೇಲೂ ಬರೆಯಬೇಕಾದ ಕೊನೆಯ ಅಂಶವು ಡ್ರೈವಿನ ತಾತ್ಕಾಲಿಕ ಸ್ಮೃತಿಯಲ್ಲಿ ಉಳಿದಿರಬಹುದು. ಅದು ಟೇಪಿಗೆ ಇಳಿಯಬೇಕು. 2010ರಲ್ಲಿ ಐದನೆಯ ತಲೆಮಾರಿನೊಡನೆ ಬಂದ ಎಲ್‌ಟಿಎಫ್‌ಎಸ್ ಎಂಬ ವ್ಯವಸ್ಥೆಯನ್ನು ಬಳಸುವ ಭಂಡಾರಗಳು ಇಲ್ಲಿ ವಿಶೇಷ ಎಚ್ಚರ ವಹಿಸಬೇಕು. ಈ ವ್ಯವಸ್ಥೆಯಲ್ಲಿ ಟೇಪು ಎರಡು ವಿಭಾಗವಾಗಿರುತ್ತದೆ: ಒಂದು ವಿಷಯಸೂಚಿಗೆ, ಇನ್ನೊಂದು ಕಡತಗಳಿಗೆ. ಯಾವ ಕಡತ ಎಲ್ಲಿದೆ ಎಂಬ ಅಂತಿಮ ಸೂಚಿಯನ್ನು ಟೇಪನ್ನು ವ್ಯವಸ್ಥೆಯಿಂದ ಬಿಡಿಸುವಾಗ, ಎಂದರೆ ಅನ್‌ಮೌಂಟ್ ಮಾಡುವಾಗ, ಬರೆಯಲಾಗುತ್ತದೆ. ಅದಕ್ಕೆ ಮುಂಚೆಯೇ ಕಿತ್ತುಕೊಂಡ ಟೇಪಿನಲ್ಲಿ ಓಲೆಗಳ ಚಿತ್ರಗಳೇನೋ ಇರುತ್ತವೆ, ಆದರೆ ಸೂಚಿ ಹಳೆಯದಾಗಿರುತ್ತದೆ. ಗರಿಗಳೆಲ್ಲ ಇದ್ದು ಪತ್ರಾಂಕಗಳು ಅಳಿಸಿಹೋದ ಕಟ್ಟನ್ನು ಕ್ರಮಪಡಿಸಲು ಕುಳಿತ ಸಂಪಾದಕನ ಪಾಡು ಎಂತಹುದೆಂದು ಓದುಗರಿಗೆ ಹೇಳಬೇಕಾಗಿಲ್ಲ. ಎಲ್‌ಟಿಎಫ್‌ಎಸ್‌ಸಿಕೆ ಎಂಬ ಪರಿಶೀಲನಾ ಉಪಕ್ರಮದಿಂದ ಇಂತಹ ಟೇಪನ್ನು ಅನೇಕ ವೇಳೆ ಸರಿಪಡಿಸಬಹುದು. ಅದನ್ನು ನಂಬಿ ಅವಸರಪಡುವುದು ಮಾತ್ರ ವಿವೇಕವಲ್ಲ.

ಬಿಡಿಸಿದ ಅನಂತರ ತಂತ್ರಾಂಶದ ಮೂಲಕವೇ ಎಜೆಕ್ಟ್ ಆಜ್ಞೆಯನ್ನು ಕೊಡುವುದು ಉತ್ತಮ. ಡ್ರೈವಿನ ಮುಖದಲ್ಲಿರುವ ಗುಂಡಿಯನ್ನು ಒಮ್ಮೆ ಒತ್ತಿ ಬಿಟ್ಟರೂ ಅದೇ ಕೆಲಸವಾಗುತ್ತದೆ. ಒಮ್ಮೆ ಎಂದರೆ ಒಮ್ಮೆ. ಕಾರ್ಟ್ರಿಜ್ಜು ಅರ್ಧದಷ್ಟು ಹೊರಬಂದು ನಿಂತ ಮೇಲೆ ಅದರ ಬದಿಗಳನ್ನು ಹಿಡಿದು ನೇರವಾಗಿ ಎಳೆದುಕೊಳ್ಳಬೇಕು, ಕೂಡಲೇ ಅದರ ಕವಚಕ್ಕೆ ಸೇರಿಸಬೇಕು. ಕಾರ್ಟ್ರಿಜ್ಜು ಒಳಗಿರುವಾಗ ಡ್ರೈವಿನ ವಿದ್ಯುತ್ತನ್ನು ನಿಲ್ಲಿಸುವ ಅಭ್ಯಾಸ ಸರ್ವಥಾ ಬೇಡ.

ಗುಂಡಿ ಒತ್ತಿದರೂ ಕಾರ್ಟ್ರಿಜ್ಜು ಬಾರದಿದ್ದರೆ ಕಾರಣವನ್ನು ಮೊದಲು ನಿರ್ಣಯಿಸಬೇಕು. ಹೆಚ್ಚಿನ ಸಂದರ್ಭಗಳಲ್ಲಿ ಯಂತ್ರದಲ್ಲಿ ದೋಷವೇ ಇರುವುದಿಲ್ಲ. ನಕಲು ಮಾಡುವ ತಂತ್ರಾಂಶವು ತನ್ನ ಕೆಲಸದ ಅವಧಿಯಲ್ಲಿ ಕಾರ್ಟ್ರಿಜ್ಜನ್ನು ಯಾರೂ ತೆಗೆಯದಂತೆ ಡ್ರೈವಿಗೆ ಒಂದು ನಿಷೇಧಾಜ್ಞೆಯನ್ನು ಕೊಟ್ಟಿರುತ್ತದೆ. ಅದು ಹಿಂತೆಗೆದುಕೊಳ್ಳುವವರೆಗೆ ಮುಖದ ಗುಂಡಿ ಕೆಲಸ ಮಾಡದು. ಇದು ಭಂಡಾರದ ಬೀಗವಿದ್ದಂತೆ. ಬಾಗಿಲನ್ನು ಗುದ್ದುವುದಕ್ಕಿಂತ ಕೀಲಿಕೈ ಇದ್ದವರನ್ನು ಕೇಳುವುದು ಮೇಲು. ತಂತ್ರಾಂಶವನ್ನು ಕ್ರಮವಾಗಿ ಮುಚ್ಚಿ, ಟೇಪಿನ ಕಡತಗಳನ್ನು ತೋರಿಸುತ್ತಿರುವ ಕಿಟಕಿಗಳನ್ನೂ ಮುಚ್ಚಿ, ಮತ್ತೆ ಆಜ್ಞೆ ಕೊಟ್ಟರೆ ಸಾಮಾನ್ಯವಾಗಿ ಬರುತ್ತದೆ. ತಂತ್ರಾಂಶವು ಮಧ್ಯದಲ್ಲಿ ಸ್ತಬ್ಧವಾಗಿ ನಿಷೇಧಾಜ್ಞೆ ಮಾತ್ರ ಉಳಿದುಕೊಂಡಿರುವುದೂ ಉಂಟು. ಆಗ ಡ್ರೈವನ್ನು ಮುಟ್ಟದೆ ಗಣಕಯಂತ್ರವನ್ನು ಮರುಪ್ರಾರಂಭಿಸಿ ನೋಡಬೇಕು.

ಎರಡನೆಯ ಕಾರಣ ಡ್ರೈವು ಇನ್ನೂ ಕಾರ್ಯನಿರತವಾಗಿರುವುದು. ದೀಪವು ಮಿನುಗುತ್ತಿದ್ದರೆ ಟೇಪು ಚಲಿಸುತ್ತಿದೆ ಎಂದು ತಿಳಿಯಬೇಕು. ಒಂಬತ್ತನೆಯ ತಲೆಮಾರಿನ ಹೊಸ ಕಾರ್ಟ್ರಿಜ್ಜನ್ನು ಮೊದಲ ಸಲ ಒಳಗಿಟ್ಟಾಗ ಡ್ರೈವು ಆ ಟೇಪಿಗೆ ತನ್ನನ್ನು ಹೊಂದಿಸಿಕೊಳ್ಳುವ ಒಂದು ಸಂಸ್ಕಾರವನ್ನು ನಡೆಸುತ್ತದೆ. ಇದಕ್ಕೆ ಸರಾಸರಿ 40 ನಿಮಿಷ, ಕೆಲವೊಮ್ಮೆ 2 ಗಂಟೆಗಳೂ ಹಿಡಿಯಬಹುದು. ಇದನ್ನರಿಯದವರು ಹೊಸ ಕಾರ್ಟ್ರಿಜ್ಜೇ ಸಿಕ್ಕಿಹಾಕಿಕೊಂಡಿತೆಂದು ತಿಳಿದು ವಿದ್ಯುತ್ತನ್ನು ನಿಲ್ಲಿಸುತ್ತಾರೆ.

ಮೂರನೆಯದು ವಿದ್ಯುತ್ತೇ ಹೋಗುವುದು. ನೆಲಮಂಗಲದಂತಹ ಊರಿನಲ್ಲಿ ಬೇಸಗೆಯ ಒಂದು ಮಧ್ಯಾಹ್ನ, ಟೇಪು ಅರ್ಧ ಹಾದಿಯಲ್ಲಿದ್ದಾಗ ವಿದ್ಯುತ್ತು ನಿಂತಿತೆಂದು ಭಾವಿಸೋಣ. ಆಗ ಮಾಡಬೇಕಾದುದು ಏನೂ ಇಲ್ಲ. ವಿದ್ಯುತ್ತು ಮರಳಿದಾಗ ಡ್ರೈವು ತನ್ನೊಳಗೆ ಟೇಪು ಇರುವುದನ್ನು ತಾನೇ ಕಂಡುಕೊಂಡು, ಸುರುಳಿ ಸಡಿಲವಾಗಿರಬಹುದೆಂಬ ಶಂಕೆಯಿಂದ ಅದನ್ನು ನಿಧಾನವಾಗಿ ಹಿಂದಕ್ಕೆ ಸುತ್ತಿಕೊಳ್ಳುತ್ತದೆ. ಈ ನಿಧಾನಗತಿಯ ಸುತ್ತುವಿಕೆಗೆ ಹಲವು ನಿಮಿಷಗಳು ಬೇಕು. ಅದು ಮುಗಿದ ಮೇಲೆ ಗುಂಡಿಯನ್ನು ಒತ್ತಿದರೆ ಕಾರ್ಟ್ರಿಜ್ಜು ಬರುತ್ತದೆ. ಪ್ರತಿಯ ಕೊನೆಯಲ್ಲಿ ನಮ್ಮ ಲಿಪಿಕಾರರು ಬರೆಯುವ ರಕ್ಷಣೆಯ ಬೇಡಿಕೆಗಳಲ್ಲಿ ಸಡಿಲವಾದ ಕಟ್ಟಿನ ಭಯವೂ ಸೇರಿದೆಯಷ್ಟೆ. ಈ ಯಂತ್ರವನ್ನು ರಚಿಸಿದವರಿಗೂ ಅದೇ ಭಯವಿದ್ದಂತೆ ತೋರುತ್ತದೆ. ಡ್ರೈವಿಗೂ ಗಣಕಯಂತ್ರಕ್ಕೂ ಯುಪಿಎಸ್ ಜೋಡಿಸದೆ ಟೇಪಿನ ಕೆಲಸವನ್ನು ಆರಂಭಿಸಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಛಾಯಾಗ್ರಹಣಕ್ಕೆ ತೆರುವ ಹಣದ ಮುಂದೆ ಅದು ಅಲ್ಪವೆಚ್ಚ.

ಈ ಮೂರೂ ಕಾರಣಗಳಲ್ಲವೆಂದು ಖಚಿತವಾದ ಮೇಲೆಯೇ ರೀಸೆಟ್ ಮಾಡುವ ವಿಚಾರ. ಈ ಪದವನ್ನು ಕೇಳಿದೊಡನೆ ಟೇಪಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ ಎಂಬ ಭೀತಿ ಕೆಲವರಲ್ಲಿದೆ. ಅದು ನಿರಾಧಾರ. ರೀಸೆಟ್ ಎಂದರೆ ಡ್ರೈವು ತನ್ನ ಅಂದಿನ ಸ್ಥಿತಿಯನ್ನು ಮರೆತು ಮೊದಲಿನಿಂದ ಎಚ್ಚರಗೊಳ್ಳುವುದು. ಟೇಪಿನ ಮೇಲೆ ಈಗಾಗಲೇ ಬರೆದಿರುವ ಅಕ್ಷರವನ್ನು ಅದು ಮುಟ್ಟುವುದಿಲ್ಲ. ಹಾಗೆಂದು ನಷ್ಟವೇ ಇಲ್ಲವೆಂದಲ್ಲ. ಬರೆಯುವ ಕೆಲಸದ ಮಧ್ಯದಲ್ಲಿ ರೀಸೆಟ್ ಆದರೆ ತಾತ್ಕಾಲಿಕ ಸ್ಮೃತಿಯಲ್ಲಿದ್ದ ಕೊನೆಯ ಅಂಶ ಹೋಗುತ್ತದೆ. ಅದಕ್ಕಿಂತ ಗಂಭೀರವಾದುದು ಇನ್ನೊಂದಿದೆ. ದತ್ತಾಂಶವು ಇಲ್ಲಿಗೆ ಮುಗಿಯಿತು ಎಂದು ಸೂಚಿಸುವ ಸಮಾಪ್ತಿಯ ಗುರುತನ್ನು ಡ್ರೈವು ಬರೆಯದೆ ಹೋಗಬಹುದು. ಪುಷ್ಪಿಕೆಯಿಲ್ಲದ ಪ್ರತಿಯನ್ನು ಕಂಡಾಗ ಗ್ರಂಥ ಇಲ್ಲಿಗೆ ಮುಗಿಯಿತೋ ಮುಂದಿನ ಗರಿಗಳು ಕಳೆದವೋ ಎಂದು ನಾವು ತಡಕಾಡುವಂತೆ, ಸಮಾಪ್ತಿಯ ಗುರುತಿಲ್ಲದ ಟೇಪನ್ನು ಹಾಕಿದಾಗ ಯಂತ್ರವೂ ತಡಕಾಡುತ್ತದೆ; ಕೆಲವು ಸಂದರ್ಭಗಳಲ್ಲಿ ಅಂತಹ ಟೇಪನ್ನು ಓದಲಾಗುವುದೇ ಇಲ್ಲ. ಓದುವ ಕೆಲಸದ ಮಧ್ಯದಲ್ಲಿ ರೀಸೆಟ್ ಆದರೆ ಇಂತಹ ಹಾನಿಯಿಲ್ಲ. ಆದಕಾರಣ ರೀಸೆಟ್ ಮಾಡುವ ಮುನ್ನ, ನಡೆಯುತ್ತಿದ್ದುದು ಬರೆಯುವ ಕೆಲಸವೋ ಓದುವ ಕೆಲಸವೋ ಎಂಬುದನ್ನು ಕಾಗದದ ಮೇಲೆ ಗುರುತುಹಾಕಿಕೊಳ್ಳಬೇಕು.

ಗುಂಡಿಯನ್ನು ಒತ್ತಿ ಹಿಡಿಯುವುದರ ಅರ್ಥ ಎಲ್ಲ ತಯಾರಕರಲ್ಲಿಯೂ ಒಂದೇ ಅಲ್ಲ. ಐಬಿಎಂ ಡ್ರೈವುಗಳಲ್ಲಿ ಸುಮಾರು 10 ಸೆಕೆಂಡು ಒತ್ತಿ ಹಿಡಿದರೆ ಡ್ರೈವು ತನ್ನ ಆಂತರಿಕ ಸ್ಥಿತಿಯ ದಾಖಲೆಯನ್ನು ಉಳಿಸಿಕೊಂಡು ಮರುಪ್ರಾರಂಭವಾಗುತ್ತದೆ. ಎಚ್‌ಪಿ ಡ್ರೈವುಗಳಲ್ಲಿ ಕನಿಷ್ಠ 5 ಸೆಕೆಂಡು ಒತ್ತಿ ಹಿಡಿಯುವುದು ಬಲವಂತದ ಎಜೆಕ್ಟ್. ಅದು ಮುಗಿಯಲು 10 ನಿಮಿಷಗಳವರೆಗೆ ಹಿಡಿಯಬಹುದು, ಮಧ್ಯದಲ್ಲಿ ಅಡ್ಡಿಪಡಿಸಬಾರದು ಎಂದು ಅವರ ಕೈಪಿಡಿಯೇ ಎಚ್ಚರಿಸುತ್ತದೆ. ನಮ್ಮ ಭಂಡಾರದ ಡ್ರೈವು ಯಾವುದು, ಅದರ ಕೈಪಿಡಿ ಏನು ಹೇಳುತ್ತದೆ ಎಂಬುದನ್ನು ಕನ್ನಡದಲ್ಲಿ ಅರ್ಧ ಪುಟದಷ್ಟು ಬರೆದು ಡ್ರೈವಿನ ಬಳಿ ಗೋಡೆಗೆ ಅಂಟಿಸಿಟ್ಟರೆ ಎಷ್ಟೋ ಉಪಕಾರ. ಈ 10 ನಿಮಿಷಗಳೇ ಕಠಿಣ ಪರೀಕ್ಷೆ. ಎರಡನೆಯ ನಿಮಿಷಕ್ಕೆ ಮತ್ತೆ ಗುಂಡಿ ಒತ್ತುವವರು, ಮೂರನೆಯ ನಿಮಿಷಕ್ಕೆ ವಿದ್ಯುತ್ತನ್ನು ನಿಲ್ಲಿಸುವವರು ಇದ್ದಾರೆ. ಗಡಿಯಾರವನ್ನು ಎದುರಿಗೆ ಇಟ್ಟುಕೊಂಡು ಕುಳಿತುಕೊಳ್ಳುವುದು ಉತ್ತಮ.

ಅದಕ್ಕೂ ಬಗ್ಗದಿದ್ದರೆ ಡ್ರೈವಿನ ವಿದ್ಯುತ್ತನ್ನು ನಿಲ್ಲಿಸಿ, ಅರ್ಧ ನಿಮಿಷ ಬಿಟ್ಟು ಮತ್ತೆ ಕೊಟ್ಟು, ಮೇಲೆ ಹೇಳಿದ ನಿಧಾನಗತಿಯ ಸುತ್ತುವಿಕೆ ಮುಗಿಯುವವರೆಗೆ ಕಾದು, ಗುಂಡಿಯನ್ನು ಒಮ್ಮೆ ಒತ್ತಬೇಕು. ಇದಕ್ಕಿಂತ ಮುಂದೆ ಭಂಡಾರದವರು ಹೋಗತಕ್ಕದ್ದಲ್ಲ. ಟೇಪು ತುಂಡಾಗಿರಬಹುದು, ಲೀಡರ್ ಪಿನ್ ಕಳಚಿರಬಹುದು. ಆಗ ಡ್ರೈವನ್ನು ಕಾರ್ಟ್ರಿಜ್ಜಿನ ಸಮೇತ ತಜ್ಞರಿಗೆ ಒಪ್ಪಿಸಬೇಕು. ಚಿಮಟ, ಸ್ಕ್ರೂಡ್ರೈವರ್, ಚಾಕು ಇವುಗಳಲ್ಲಿ ಯಾವುದನ್ನೂ ಡ್ರೈವಿನ ಬಾಯಿಯೊಳಗೆ ಹಾಕಬಾರದು. ಎಳೆದು ತೆಗೆದ ಕಾರ್ಟ್ರಿಜ್ಜಿನ ಹಿಂದೆಯೇ ಹತ್ತಾರು ಮೀಟರು ಟೇಪು ಬಿಚ್ಚಿಕೊಂಡು ಬರುತ್ತದೆ, 5.6 ಮೈಕ್ರಾನಿನ ಆ ಪಟ್ಟಿ ಒಮ್ಮೆ ಮಡಿಸಿದರೆ ಮತ್ತೆ ಮೊದಲಿನಂತಾಗದು.

ಕಾರ್ಟ್ರಿಜ್ಜು ಸುರಕ್ಷಿತವಾಗಿ ಹೊರಬಂದ ಮೇಲೂ ಒಂದು ಅಪಾಯ ಉಳಿದಿರುತ್ತದೆ, ಮತ್ತು ಅದೇ ಎಲ್ಲಕ್ಕಿಂತ ದೊಡ್ಡದು. ಸಮಾಪ್ತಿಯ ಗುರುತೋ ಸೂಚಿಯೋ ಸರಿಯಾಗಿಲ್ಲದ ಟೇಪನ್ನು ಮತ್ತೆ ಹಾಕಿದಾಗ ತಂತ್ರಾಂಶವು ಇದನ್ನು ಗುರುತಿಸಲಾಗದೆ, ಇದು ಖಾಲಿ ಟೇಪು, ಸಿದ್ಧಪಡಿಸಲೇ ಎಂದು ಕೇಳಬಹುದು. ಫಾರ್ಮ್ಯಾಟ್, ಇನಿಷಿಯಲೈಸ್, ಎರೇಸ್ ಎಂಬ ಪದಗಳು ಆ ಪ್ರಶ್ನೆಯಲ್ಲಿರುತ್ತವೆ. ಒಪ್ಪಿಗೆ ಕೊಟ್ಟರೆ 300 ಕಟ್ಟುಗಳು ಹೋದವೆಂದೇ ಅರ್ಥ. ರೀಸೆಟ್ ಅಳಿಸದು, ಈ ಪ್ರಶ್ನೆಗೆ ಕೊಟ್ಟ ಒಪ್ಪಿಗೆ ಅಳಿಸುತ್ತದೆ. ಆದುದರಿಂದ ಬಲವಂತದಿಂದ ಹೊರಬಂದ ಯಾವುದೇ ಕಾರ್ಟ್ರಿಜ್ಜನ್ನು ಮತ್ತೆ ಡ್ರೈವಿಗೆ ಕೊಡುವ ಮುನ್ನ ಅದರ ಅಂಚಿನಲ್ಲಿರುವ ಬರಹತಡೆಯ ಕೆಂಪು ಅಥವಾ ಇತರ ಬಣ್ಣದ ಪುಟ್ಟ ಸರಿಕೆಯನ್ನು ಬೀಗದ ಚಿಹ್ನೆಯ ಕಡೆಗೆ ಸರಿಸಬೇಕು. ಹಾಗೆ ಮಾಡಿದ ಟೇಪನ್ನು ಓದಬಹುದೇ ಹೊರತು ಯಾವ ಆಜ್ಞೆಯೂ ಅದರ ಮೇಲೆ ಬರೆಯಲಾರದು. ಒಂದು ಚಿಟಿಕೆ ಹೊಡೆಯುವಷ್ಟು ಹೊತ್ತಿನ ಕೆಲಸವಿದು.

ಡ್ರೈವು ಪದೇ ಪದೇ ತೊಡಕು ಕೊಡುತ್ತಿದ್ದರೆ ಅದರ ತಲೆ ಮಲಿನವಾಗಿರಬಹುದು. ಅದಕ್ಕೆಂದೇ ಶುಚಿಗೊಳಿಸುವ ಕಾರ್ಟ್ರಿಜ್ಜು ದೊರೆಯುತ್ತದೆ. ಅದನ್ನು ಸುಮಾರು 50 ಸಲ ಬಳಸಬಹುದು. ಡ್ರೈವು ತಾನೇ ಕೇಳಿದಾಗ ಬಳಸಿದರೆ ಸಾಕು. ಓಲೆಗೆ ಹಚ್ಚುವ ನಿಂಬೆಹುಲ್ಲಿನ ಎಣ್ಣೆಯ ಕೈಯಿಂದ ಕಾರ್ಟ್ರಿಜ್ಜನ್ನು ಮುಟ್ಟಬಾರದೆಂಬುದನ್ನು ಮಾತ್ರ ನಮ್ಮ ಭಂಡಾರಗಳಿಗೆ ವಿಶೇಷವಾಗಿ ಹೇಳಬೇಕಾಗಿದೆ.

ಡ್ರೈವನ್ನು ಸುಸ್ಥಿತಿಯಲ್ಲಿ ಇಡುವುದಕ್ಕೆ ಇನ್ನೂ ಒಂದು ಕಾರಣವಿದೆ. ಏಳನೆಯ ತಲೆಮಾರಿನವರೆಗಿನ ಡ್ರೈವುಗಳು ತಮಗಿಂತ ಎರಡು ತಲೆಮಾರು ಹಿಂದಿನ ಟೇಪನ್ನು ಓದುತ್ತಿದ್ದವು. ಎಂಟನೆಯದು ಮತ್ತು ಒಂಬತ್ತನೆಯದು ಒಂದು ತಲೆಮಾರು ಹಿಂದಿನದನ್ನು ಮಾತ್ರ ಓದುತ್ತವೆ. 2025ರಲ್ಲಿ ಬಂದ ಹತ್ತನೆಯದು ತನ್ನ ತಲೆಮಾರಿನದನ್ನು ಬಿಟ್ಟು ಬೇರೆಯದನ್ನು ಓದದು. 2010ರ ಸುಮಾರಿನ ಐದನೆಯ ತಲೆಮಾರಿನ ಟೇಪು ಐದು, ಆರು, ಏಳನೆಯ ತಲೆಮಾರಿನ ಡ್ರೈವುಗಳಿಗೆ ಮಾತ್ರ ಅರ್ಥವಾಗುತ್ತದೆ. ಹಳಗನ್ನಡ ಲಿಪಿ ಬಲ್ಲವರು ವಿರಳವಾದ ಕಾಲದಲ್ಲಿ ಮೂಡಬಿದಿರೆಯ ಓಲೆಗಳ ಸ್ಥಿತಿ ಏನಾಗಿತ್ತೋ, ಹಳೆಯ ಡ್ರೈವುಗಳು ವಿರಳವಾಗುತ್ತ ಹೋದಂತೆ ಈ ಟೇಪುಗಳ ಸ್ಥಿತಿಯೂ ಅದೇ. ಆ ತಲೆಮಾರಿನ ಟೇಪುಗಳಿರುವ ಭಂಡಾರಗಳು ಓದಬಲ್ಲ ಡ್ರೈವು ಸಿಗುತ್ತಿರುವಾಗಲೇ ಹೊಸ ಟೇಪಿಗೆ ಪ್ರತಿ ಮಾಡಿಕೊಳ್ಳತಕ್ಕದ್ದು.

ಸಂಗ್ರಹದ ವಿಷಯವಾಗಿ ಹೆಚ್ಚು ಹೇಳಬೇಕಾಗಿಲ್ಲ. ದೀರ್ಘಕಾಲ ಇಡುವ ಟೇಪಿಗೆ 16ರಿಂದ 25 ಡಿಗ್ರಿ ಉಷ್ಣತೆಯೂ ಶೇಕಡಾ 20ರಿಂದ 50ರಷ್ಟು ಆರ್ದ್ರತೆಯೂ ತಕ್ಕುದು. ತಾಡವೋಲೆ ಇದಕ್ಕಿಂತ ಸ್ವಲ್ಪ ಹೆಚ್ಚು ಆರ್ದ್ರತೆಯನ್ನು ಬಯಸುತ್ತದೆ; ತೀರ ಒಣಗಿದರೆ ಗರಿ ಸೀಳುತ್ತದೆ. ಮೂಲವನ್ನೂ ಅದರ ಛಾಯಾಪ್ರತಿಯನ್ನೂ ಒಂದೇ ಕಪಾಟಿನಲ್ಲಿ ಇಡುವ ಪದ್ಧತಿ ಈ ಕಾರಣದಿಂದಲೂ ಸಲ್ಲದು, ಬೆಂಕಿ ನೀರುಗಳ ಭಯದಿಂದಲೂ ಸಲ್ಲದು. ಎರಡನೆಯ ಟೇಪು ಬೇರೆ ಊರಿನಲ್ಲಿರಬೇಕು. ತಂಪಾದ ಕೋಣೆಯಿಂದ ತಂದ ಕಾರ್ಟ್ರಿಜ್ಜನ್ನು ಡ್ರೈವಿಗೆ ಕೊಡುವ ಮುನ್ನ ಒಂದು ದಿನ ಹೊರಗೆ ಇಟ್ಟರೆ ಒಳ್ಳೆಯದು.

ಪ್ರತಿಯೊಂದು ಕಾರ್ಟ್ರಿಜ್ಜಿಗೂ ಒಂದು ದಾಖಲೆಯ ಪುಟವಿರಬೇಕು. ಯಾವ ದಿನ ಒಳಗಿಡಲಾಯಿತು, ಯಾರು ಇಟ್ಟರು, ಬರೆದರೋ ಓದಿದರೋ, ಸಹಜವಾಗಿ ಹೊರಬಂದಿತೋ ಬಲವಂತದಿಂದ ಬಂದಿತೋ, ರೀಸೆಟ್ ಮಾಡಬೇಕಾಯಿತೋ ಎಂಬುದನ್ನೆಲ್ಲ ಅಲ್ಲಿಯೇ ಬರೆಯಬೇಕು. ಬಳೆ ಕತ್ತರಿಸಿತ್ತೋ ಇಲ್ಲವೋ ಎಂದು ಶಾಸನಸಂಪಾದಕರು ಬರೆದಿಟ್ಟ ವಾಕ್ಯಕ್ಕೆ ಸಮಾನವಾದುದು ಇದು. ಮುಂದೆ ಒಂದು ಕಡತ ಕಾಣದಾದಾಗ ಕಾರಣವನ್ನು ಹುಡುಕುವವನಿಗೆ ಇದರ ಹೊರತು ಬೇರೆ ಸಾಕ್ಷಿಯಿಲ್ಲ. ಪರಿಶೀಲನೆಗೆ ದಿನವನ್ನೂ ಹೊಸದಾಗಿ ಗೊತ್ತುಮಾಡಬೇಕಾಗಿಲ್ಲ. ಜ್ಯೇಷ್ಠ ಶುಕ್ಲ ಪಂಚಮಿಯಂದು, ಶ್ರುತಪಂಚಮಿಯ ಪ್ರಯುಕ್ತ, ಕಟ್ಟುಗಳನ್ನು ಬಿಚ್ಚಿ ಧೂಳು ಒರೆಸಿ ಮತ್ತೆ ಕಟ್ಟುವ ಸಂಪ್ರದಾಯ ನಮ್ಮಲ್ಲಿದ್ದೇ ಇದೆ. ಅಂದೋ ಅದರ ಮರುದಿನವೋ ಪ್ರತಿ ಕಾರ್ಟ್ರಿಜ್ಜನ್ನು ಬರಹತಡೆಯೊಡನೆ ಡ್ರೈವಿಗೆ ಕೊಟ್ಟು, ಆರಂಭದ, ನಡುವಿನ ಮತ್ತು ಕೊನೆಯ ಕಡತಗಳಲ್ಲಿ ಒಂದೊಂದನ್ನು ತೆರೆದು ನೋಡಿ, ಕ್ರಮವಾಗಿ ಬಿಡಿಸಿ ಹೊರತೆಗೆದು, ದಾಖಲೆಯ ಪುಟದಲ್ಲಿ ತಿಥಿಯನ್ನು ಬರೆದು ಸಹಿ ಹಾಕಬಹುದು.